ಬೋಧನಾಸ್ಪತ್ರೆಯ ಕ್ಷ-ಕಿರಣ ವಿಭಾಗ: ಲೆಕ್ಕದ ಒಂದು ವಿಮರ್ಶೆ

ವಿದ್ಯಾಸಂಸ್ಥೆಗಳ ಸ್ಮರಣಸಂಚಿಕೆಗಳಲ್ಲಿ ದಾನಿಗಳ ಭಾವಚಿತ್ರಗಳೂ ಕಟ್ಟಡಗಳ ವರ್ಣನೆಯೂ ಧಾರಾಳವಾಗಿ ದೊರೆಯುತ್ತವೆ. ಲೆಕ್ಕದ ಪುಟಗಳು ವಿರಳ. 1925ರಲ್ಲಿ ಬ್ಯಾಂಕನ್ನು ಕಟ್ಟಿ, 1928ರಿಂದ ಪಿಗ್ಮಿ ಠೇವಣಿಯ ಮೂಲಕ ದಿನದ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪುಸ್ತಕಕ್ಕೇರಿಸಿದ ಉಡುಪಿ ಸೀಮೆಯಲ್ಲಿಯೂ ಈ ವಾಡಿಕೆ ನಡೆದುಬಂದಿರುವುದು ಸೋಜಿಗ. ಬೋಧನಾಸ್ಪತ್ರೆಯ ಕ್ಷ-ಕಿರಣ ಮತ್ತು ಸ್ಕ್ಯಾನ್ ವಿಭಾಗವನ್ನು ನಿದರ್ಶನವಾಗಿಟ್ಟುಕೊಂಡು ಈ ಲೋಪವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ವಿದ್ಯಾರ್ಥಿಗಳಿಂದ ಬಂದ ಹಣವೇ ಅದಕ್ಕೆ ಮುಖ್ಯಾಧಾರವಾಗಿದ್ದಿತು. ರೋಗಿಗಳ ಬಳಿ ನಡೆಯಬೇಕಾದ ಶಿಕ್ಷಣಕ್ಕೆ ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆ ಒದಗಿತು. ಮಣಿಪಾಲದಲ್ಲಿ ಸ್ವಂತ ಆಸ್ಪತ್ರೆ ಆರಂಭವಾದುದು 1961ರಲ್ಲಿ. ಶಿಕ್ಷಣದ ಹಣ, ಚಿಕಿತ್ಸೆಯ ಹಣ ಎಂಬ ಎರಡು ಪ್ರವಾಹಗಳು ಒಂದೇ ಸೂರಿನಡಿ ಕೂಡಿದುದು ಅಲ್ಲಿಂದೀಚೆಗೆ.

ಈ ಬೆರಕೆ ಸ್ಕ್ಯಾನ್ ವಿಭಾಗದಲ್ಲಿರುವಷ್ಟು ಗಾಢವಾಗಿ ಬೇರೆಡೆ ಇರಲಾರದು. ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ರೋಗಿ ಬಂದರೂ ಬಾರದಿದ್ದರೂ ದ್ರವ ಹೀಲಿಯಮ್ಮಿನಲ್ಲಿ ತಂಪಾಗಿಯೇ ಇಟ್ಟಿರಬೇಕು. ದುರಸ್ತಿಯ ಕರಾರು, ತಂತ್ರಜ್ಞರ ಸಂಬಳ ನಿಲ್ಲುವುದಿಲ್ಲ. ಖಾಲಿ ಯಂತ್ರಕ್ಕೂ ದುಡಿವ ಯಂತ್ರಕ್ಕೂ ವೆಚ್ಚದಲ್ಲಿ ಅಂತರ ಅಲ್ಪ. ಅದೇ ಚಿತ್ರವನ್ನು ಸ್ನಾತಕೋತ್ತರ ವಿದ್ಯಾರ್ಥಿಯೊಮ್ಮೆ ಓದಬೇಕು, ಗುರುಗಳು ಮರಳಿ ಓದಿ ತಿದ್ದಬೇಕು. ಆ ಗುರುಗಳ ವೇತನವನ್ನು ಕಾಲೇಜಿನ ಖಾತೆಗೆ ಬರೆದರೆ ವಿಭಾಗಕ್ಕೆ ಲಾಭ, ಆಸ್ಪತ್ರೆಯ ಖಾತೆಗೆ ಬರೆದರೆ ಅದಕ್ಕೇ ನಷ್ಟ ಕಾಣಬಹುದು! ಇಂತಹ ವಿಭಾಗ ‘ಲಾಭದಾಯಕ’ವೆಂದಾಗಲಿ ‘ಹೊರೆ’ಯೆಂದಾಗಲಿ ಬರಿದೆ ಹೇಳುವುದಕ್ಕೆ ಅರ್ಥವಿಲ್ಲ.

ಹಂಚಿಕೆಯ ಲೆಕ್ಕವಿಲ್ಲದ ಸಹಾಯ ಏನಾಗುವುದೆಂಬುದಕ್ಕೆ ಕೇಂದ್ರ ಸರಕಾರದ 1988ರ ಸುಂಕವಿನಾಯಿತಿ ಸಾಕ್ಷಿ. ವಿದೇಶೀ ಉಪಕರಣಗಳನ್ನು ಸುಂಕವಿಲ್ಲದೆ ತರಿಸುವ ಆಸ್ಪತ್ರೆಗಳು ಹೊರರೋಗಿಗಳಲ್ಲಿ ಶೇಕಡಾ 40 ಮಂದಿಗೆ ಉಚಿತ ಚಿಕಿತ್ಸೆ ಕೊಡಬೇಕು, ಶೇಕಡಾ 10 ಹಾಸಿಗೆಗಳನ್ನು ತಿಂಗಳ ವರಮಾನ 500 ರೂಪಾಯಿಗೂ ಕಡಿಮೆಯಿರುವ ಕುಟುಂಬಗಳಿಗೆ ಮೀಸಲಿಡಬೇಕು ಎಂಬ ಷರತ್ತು ಅದರಲ್ಲಿದ್ದಿತು. ಈ ಹೊಣೆ ನಿರಂತರವಾದುದೆಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

2018ರ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗಳಿಗೆ ದರ ಮೊದಲೇ ಗೊತ್ತಾಗಿದೆ. ಆ ದರ ಸಾಲದೆಂದು ಆಸ್ಪತ್ರೆಗಳು ವಾದಿಸುವಾಗ ಅದರಲ್ಲಿ ಬೋಧನೆಯ ಪಾಲೆಷ್ಟು? ಕಾಪುವಿನ ಮೀನುಗಾರನು ತನ್ನ ಚಿಕಿತ್ಸೆಯ ಬೆಲೆಯೊಡನೆ ಭಾವೀ ವೈದ್ಯನ ಕಲಿಕೆಯ ಬೆಲೆಯನ್ನೂ ತೆರುತ್ತಿರುವನೋ, ಅಥವಾ ವಿದ್ಯಾರ್ಥಿಯ ಶುಲ್ಕವೇ ಈತನ ಸ್ಕ್ಯಾನಿನ ವೆಚ್ಚವನ್ನು ಹೊರುತ್ತಿರುವುದೋ, ಒಟ್ಟು ಮೊತ್ತವನ್ನಷ್ಟೇ ಕೊಡುವ ಲೆಕ್ಕದಿಂದ ತಿಳಿಯದು. ಕಾರ್ಕಳದ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಯುವ ಎದೆಯ ಕ್ಷ-ಕಿರಣಚಿತ್ರವೊಂದರ ವೆಚ್ಚವನ್ನು ಬೋಧನಾಸ್ಪತ್ರೆಯ ಅಂತಹದೇ ಚಿತ್ರದ ವೆಚ್ಚದೊಡನೆ ಹೋಲಿಸಿ, ಯಂತ್ರದ ವಯಸ್ಸು, ಚಿತ್ರಗಳ ಸಂಖ್ಯೆ ಇವುಗಳ ವ್ಯತ್ಯಾಸವನ್ನು ಕಳೆದರೆ ಬೋಧನೆಯ ಪಾಲಿನ ಸ್ಥೂಲ ಅಂದಾಜು ಸಿಕ್ಕೀತು. ನಮ್ಮ ಎಂ.ಎ. ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವಿದು.