ಜಗಳಗಂಟ ಮೀನಿಗೆ ಬೋನು ಇಡುವ ಮುನ್ನ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಲ್ಲಿ ಬಹುಕಾಲದಿಂದ ಒಂದು ರೂಢಿಯಿದೆ. ಹೊಸ ಟ್ಯಾಂಕಿಗೆ ಮೊದಲು ಅಗ್ಗದ, ಗಟ್ಟಿಜೀವದ ಡ್ಯಾಮ್ಸೆಲ್ ಮೀನು ಬಿಡುತ್ತಾರೆ. ಅದರ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಗಳು ಬೆಳೆದು ನೀರು ಹದಕ್ಕೆ ಬಂದ ಮೇಲೆ ಉಳಿದ ಮೀನುಗಳನ್ನು ತರುತ್ತಾರೆ. ಅಷ್ಟರಲ್ಲಿ ಇಡೀ ಟ್ಯಾಂಕು ಡ್ಯಾಮ್ಸೆಲ್‌ನ ಸ್ವತ್ತಾಗಿರುತ್ತದೆ. ಹೊಸ ಮೀನುಗಳ ಈಜುರೆಕ್ಕೆ ಹರಿಯುತ್ತದೆ. ಅವು ಮೂಲೆ ಸೇರಿ ಮೇವು ಮುಟ್ಟುವುದನ್ನೇ ಬಿಡುತ್ತವೆ. ಆಗ ಶುರುವಾಗುತ್ತದೆ, ಜಗಳಗಂಟನನ್ನು ಹೊರಹಾಕುವ ಸಾಹಸ.

ಡಾಮಿನೊ ಡ್ಯಾಮ್ಸೆಲ್ ಅನ್ನೇ ನೋಡಿ. ಮರಿಯಾಗಿದ್ದಾಗ ಕಡುಗಪ್ಪು ಮೈ, ಹಣೆಯ ಮೇಲೊಂದು, ಪಕ್ಕೆಗೊಂದರಂತೆ ಬಿಳಿ ಚುಕ್ಕೆ. ಅಂಗಡಿಯಲ್ಲಿ ಆ ಚೆಲುವಿಗೆ ಮರುಳಾಗದವರಿಲ್ಲ. ಬೆಳೆದಂತೆ ಚುಕ್ಕೆ ಮಾಸುತ್ತದೆ, ಮೈ ಸುಮಾರು 14 ಸೆಂ.ಮೀ.ವರೆಗೂ ಹಿಗ್ಗುತ್ತದೆ. ಹವಳದ ದಿಬ್ಬದಲ್ಲಿ ತನ್ನ ಜಾಗ ಮತ್ತು ಮೊಟ್ಟೆ ಕಾಯಲು ಬಂದ ಗುಣವನ್ನೇ ಅದು ಗಾಜಿನೊಳಗೂ ತೋರುತ್ತದೆ. ಸಮುದ್ರದಲ್ಲಿ ಅಟ್ಟಿಸಿಕೊಂಡ ಮೀನು ದೂರ ಹೋಗಿ ಬದುಕುತ್ತದೆ. ಟ್ಯಾಂಕಿನಲ್ಲಿ ಹೋಗಲು ದೂರವೇ ಇಲ್ಲ.

ಹಾಗಾಗಿ ಒಂದು ಮೀನನ್ನು ತೆಗೆಯುವುದು ಎಷ್ಟೋ ಸಲ ಅನಿವಾರ್ಯ. ಪ್ರಶ್ನೆಯಿರುವುದು ತೆಗೆಯುವ ಬಗೆಯಲ್ಲಿ. ಕೈಬಲೆ ಹಿಡಿದು ಅಟ್ಟುವುದು ಎಲ್ಲಕ್ಕಿಂತ ಕೆಟ್ಟ ದಾರಿ: ಕಲ್ಲಿನ ಪ್ರತಿ ಸಂದೂ ಬಲ್ಲ ಮೀನು ಸಿಗುವುದಿಲ್ಲ, ಹವಳ ಮುರಿಯುತ್ತದೆ, ಮೊದಲೇ ನಲುಗಿದ ಮೀನುಗಳು ಇನ್ನಷ್ಟು ಕಂಗಾಲಾಗುತ್ತವೆ. ಕಲ್ಲುಗಳನ್ನೆಲ್ಲ ಎತ್ತಿಟ್ಟರೆ ಮೀನು ಸಿಕ್ಕೀತು. ಆದರೆ ಮರಳಿನಡಿ ಕೂತ ಕೊಳೆ ಎದ್ದು ನೀರು ಕೆಡುತ್ತದೆ. ಗಾಳ ಬೇಗ ಕೆಲಸ ಮುಗಿಸುತ್ತದೆ, ಆದರೆ ಬಾಯಿ ಗಾಯವಾಗುವ ಅಪಾಯ ತಪ್ಪಿದ್ದಲ್ಲ. ಬೇರೇನೂ ಫಲಿಸದಿದ್ದಾಗ ಮಾತ್ರ ಅದನ್ನು ಒಪ್ಪಬಹುದು.

ನನ್ನ ಮತ ಬೋನಿಗೆ. ಪಾರದರ್ಶಕ ಪೆಟ್ಟಿಗೆಯನ್ನು ಬಾಗಿಲು ತೆರೆದೇ ಕೆಲವು ದಿನ ನೀರಿನಲ್ಲಿಟ್ಟು, ಮೇವನ್ನು ಅದರೊಳಗೇ ಹಾಕುತ್ತ ಬರಬೇಕು. ಮೀನು ನಿರ್ಭಯವಾಗಿ ಒಳಗೆ ಹೋಗಿ ತಿನ್ನತೊಡಗಿದ ಮೇಲಷ್ಟೇ ಎತ್ತಿ ಕಟ್ಟಿದ ದಾರ ಸಡಿಲಿಸಿ ಬಾಗಿಲು ಬೀಳಿಸಬೇಕು. ಯಾವ ಜೀವಕ್ಕೂ ಪೆಟ್ಟಾಗದ ದಾರಿ ಇದು. ಬೇಕಾದದ್ದು ತಾಳ್ಮೆ ಮಾತ್ರ. ಸಿಕ್ಕ ಜಗಳಗಂಟನನ್ನು ಹೊರಹಾಕುವ ಮುನ್ನ ಕೆಲವು ದಿನ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಕಲ್ಲುಗಳ ಜಾಗ ಅಷ್ಟಿಷ್ಟು ಬದಲಿಸಿ ನೋಡುವುದೂ ಒಳ್ಳೆಯದು. ಹಳೆಯ ಗಡಿ ಅಳಿದು ಜಗಳ ತಣ್ಣಗಾಗುವುದುಂಟು.

ಹಿಡಿದ ಮೀನಿನ ಗತಿಯೇನು? ಅಂಗಡಿಗೆ ಮರಳಿಸಬಹುದು, ದೊಡ್ಡ ಟ್ಯಾಂಕು ಇದ್ದವರಿಗೆ ಕೊಡಬಹುದು. ಸಮುದ್ರಕ್ಕೆ ಬಿಡುವುದು ಮಾತ್ರ ದಯೆಯಲ್ಲ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಲಯನ್‌ಫಿಶ್ 1985ರಲ್ಲಿ ಫ್ಲಾರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದಲೇ ಅದು ಅಲ್ಲಿಗೆ ಸೇರಿತೆಂದು ತಜ್ಞರು ಬಲವಾಗಿ ನಂಬುತ್ತಾರೆ. ಇಂದು ಕೆರಿಬಿಯನ್ ಉದ್ದಕ್ಕೂ ಸ್ಥಳೀಯ ಮೀನುಗಳ ಮರಿಗಳನ್ನು ಅದು ನುಂಗುತ್ತಿದೆ.

ಬೋನು ಎಷ್ಟೇ ಚೆನ್ನಾಗಿದ್ದರೂ ಅದು ಕೊನೆಯ ಹಂತದ ಉಪಾಯ. ತಿದ್ದಬೇಕಾದದ್ದು ಮೊದಲ ಹಂತವನ್ನು. ಟ್ಯಾಂಕು ಹದಗೊಳಿಸಲು ಮೀನೇ ಬೇಕಿಲ್ಲ; ಅಳತೆಯಲ್ಲಿ ಹಾಕಿದ ಅಮೋನಿಯ ದ್ರಾವಣವೇ ಸಾಕು. ಸಾಧು ಮೀನುಗಳು ಮೊದಲು ನೆಲೆಯೂರಲಿ, ಜೋರಿನವು ಕಡೆಗೆ ಬರಲಿ. ಕೊಳ್ಳುವ ಮುನ್ನ ಮರಿಯ ಬಣ್ಣದ ಜೊತೆಗೆ ಅದು ಬೆಳೆದಾಗಿನ ಅಳತೆಯನ್ನೂ ಸ್ವಭಾವವನ್ನೂ ಕೇಳಿ ತಿಳಿಯುವುದು ಸಾಕುವವನ ಮೊದಲ ಕರ್ತವ್ಯ.