ರಾಮರಾವ್ ಹುತಾತ್ಮರಲ್ಲ

ದೆಹಲಿಯ ಹಣಕಾಸು ಸಚಿವಾಲಯಕ್ಕೂ ಮುಂಬೈಯ ರಿಸರ್ವ್ ಬ್ಯಾಂಕಿಗೂ ಜಟಾಪಟಿ ಶುರುವಾದಾಗಲೆಲ್ಲ ನಮ್ಮ ಅಂಕಣಕಾರರಿಗೆ ಬೆನಗಲ್ ರಾಮರಾವ್ ನೆನಪಾಗುತ್ತಾರೆ. 2018ರ ಡಿಸೆಂಬರಿನಲ್ಲಿ ಊರ್ಜಿತ್ ಪಟೇಲ್ ಗವರ್ನರ್ ಹುದ್ದೆ ಬಿಟ್ಟಾಗಲೂ ಹಾಗೇ ಆಯಿತು. ಎಲ್ಲರೂ ಹೇಳುವ ಕಥೆ ಒಂದೇ. 1957ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಬ್ಯಾಂಕಿನ ಸ್ವಾಯತ್ತತೆಗೆ ಕೈಹಾಕಿದರು, ನೆಹರೂ ಸಚಿವರ ಪಕ್ಷ ವಹಿಸಿದರು, ಗವರ್ನರ್ ರಾಮರಾವ್ ತತ್ತ್ವಕ್ಕಾಗಿ ಕುರ್ಚಿ ಬಿಟ್ಟು ನಡೆದರು. ಮಂಗಳೂರಿನ ಮನೆತನದವರೆಂದು ನಮ್ಮವರಿಗೆ ಈ ಕಥೆಯ ಮೇಲೆ ಇನ್ನಷ್ಟು ಅಕ್ಕರೆ. ನನಗೆ ಮಾತ್ರ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ದೊಡ್ಡದೊಂದು ವೃತ್ತಿಜೀವನವನ್ನು ಅದರ ಕೊನೆಯ ಆರು ವಾರಗಳಿಗೆ ಇಳಿಸಿಬಿಡುವ ಕಥೆಯಾಗಿ ಕಾಣುತ್ತದೆ.

(1925ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಬೆನಗಲ್ ರಾಮರಾವ್ ಬೇರೆಯವರು. ಕನ್ನಡಿಗರಿಗೆ ಅವರೇ ಹೆಚ್ಚು ಪರಿಚಿತರು. ನಾನು ಹೇಳುತ್ತಿರುವುದು ಐ.ಸಿ.ಎಸ್. ಅಧಿಕಾರಿಯ ವಿಷಯ: ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಮತ್ತು ಪತ್ರಕರ್ತ ಬಿ. ಶಿವರಾವ್ ಅವರ ಸೋದರ, ಲೇಖಕಿ ಸಾಂತಾ ರಾಮರಾವ್ ಅವರ ತಂದೆ.)

ಜಗಳದ ಮೂಲ ನೋಡಿ. 1952ರ ಜನವರಿಯಲ್ಲಿ ರಾಮರಾವ್ ಅವರ ಬ್ಯಾಂಕು ಒಂದು ಹುಂಡಿ ಮಾರುಕಟ್ಟೆ ಯೋಜನೆ ತಂದಿತು. ಬ್ಯಾಂಕುಗಳು ಮುದ್ದತಿನ ಹುಂಡಿಗಳ (ಗೊತ್ತಾದ ಅವಧಿಯ ನಂತರ ಹಣ ಕೊಡಬೇಕಾದ ಪತ್ರಗಳ) ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯಬಹುದಾಯಿತು. 1956ರ ನವೆಂಬರ್ ಕೊನೆಯಲ್ಲಿ ಕೃಷ್ಣಮಾಚಾರಿ ಅಂಥ ಹುಂಡಿಗಳ ಮುದ್ರಾಂಕ ಶುಲ್ಕವನ್ನು ಏರಿಸಲು ಹೊರಟರು. ಹೆಸರಿಗೆ ಅದು ತೆರಿಗೆ, ಪರಿಣಾಮದಲ್ಲಿ ಬಡ್ಡಿ. ಬ್ಯಾಂಕ್ ದರ ಶೇ 3.5ರಲ್ಲೇ ನಿಂತಿದ್ದರೂ ಈ ಬಗೆಯ ಸಾಲ ಅರ್ಧ ಶೇಕಡಾದಷ್ಟು ದುಬಾರಿಯಾಯಿತು. ದರ ನಿಗದಿ ಮಾಡಬೇಕಾದವರನ್ನು ಬದಿಗಿಟ್ಟು ಸಚಿವರು ಹಿಂಬಾಗಿಲಿನಿಂದ ದರ ಏರಿಸಿದ್ದರು. ಡಿಸೆಂಬರಿನಲ್ಲಿ ಬ್ಯಾಂಕಿನ ಕೇಂದ್ರ ಮಂಡಳಿ ಇದನ್ನು ಆಕ್ಷೇಪಿಸಿತು. ರಿಸರ್ವ್ ಬ್ಯಾಂಕ್ ಎಂದರೆ ತಮ್ಮ ಸಚಿವಾಲಯದ ಒಂದು ವಿಭಾಗ ಎಂಬ ಧಾಟಿಯಲ್ಲಿ ಸಚಿವರು ಮಾತಾಡಿದರು. 1957ರ ಜನವರಿ 1ರಂದು ನೆಹರೂ ಬರೆದ ಪತ್ರದ ಸಾರ ಇಷ್ಟು: ಬ್ಯಾಂಕು ಸಲಹೆ ಕೊಡಬಹುದು, ಆದರೆ ಸರ್ಕಾರದ ಹಾದಿಗೆ ಅಡ್ಡ ನಿಲ್ಲುವಂತಿಲ್ಲ. ಜನವರಿ 14ರಂದು ರಾಮರಾವ್ ಹೊರಬಂದರು.

ಸಚಿವರ ನಡೆ ಒರಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಡಳಿ ಕೇಳಿದ್ದೇನು? ಹಣಕಾಸಿನ ಮೇಲೆ ಪರಿಣಾಮ ಬೀರುವ ತೀರ್ಮಾನ ಮಾಡುವ ಮುನ್ನ ನಮ್ಮನ್ನೊಂದು ಮಾತು ಕೇಳಿ ಎಂದು. ಕೊನೆಯ ಮಾತು ನಮ್ಮದೇ ಆಗಿರಬೇಕೆಂದಲ್ಲ. ಹಾಗೆ ಕೇಳಲು ಕಾನೂನೂ ಬಿಡುತ್ತಿರಲಿಲ್ಲ. 1949ರ ಜನವರಿಯಲ್ಲಿ ಬ್ಯಾಂಕು ರಾಷ್ಟ್ರೀಕರಣವಾದಾಗಲೇ, ಗವರ್ನರ್ ಜೊತೆ ಸಮಾಲೋಚಿಸಿ ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತ್ತು. ಅದೇ ವರ್ಷ ಜುಲೈಯಲ್ಲಿ ರಾಮರಾವ್ ಅಧಿಕಾರ ವಹಿಸಿಕೊಂಡದ್ದು ಇದನ್ನು ತಿಳಿದೇ. ಬಡ್ಡಿ ಏರಬಾರದೆಂಬ ಹಟವೂ ಬ್ಯಾಂಕಿಗೆ ಇರಲಿಲ್ಲವೆನ್ನಿ. 1957ರ ಮೇ ತಿಂಗಳಲ್ಲಿ, ಇನ್ನೊಬ್ಬ ಕನ್ನಡನಾಡಿನ ಐ.ಸಿ.ಎಸ್. ಎಚ್.ವಿ.ಆರ್. ಅಯ್ಯಂಗಾರ್ ಗವರ್ನರ್ ಆಗಿದ್ದಾಗ, ಬ್ಯಾಂಕ್ ದರವೇ ಶೇ 4ಕ್ಕೆ ಹೋಯಿತು.

ನನ್ನ ಮುಖ್ಯ ತಕರಾರು ಇನ್ನೂ ಹಿಂದಿನದು. ಸ್ವಾಯತ್ತತೆಯ ಕೋಟೆ ಕಾದವರೆಂದು ರಾಮರಾವ್ ಅವರನ್ನು ಹೊಗಳುವವರು 1955ರ ಜನವರಿಯ ಏರ್ಪಾಡಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಕೇಂದ್ರ ಸರ್ಕಾರದ ನಗದು ಶಿಲ್ಕು ರೂ. 50 ಕೋಟಿಗಿಂತ ಕೆಳಗಿಳಿದರೆ, ತನ್ನಿಂತಾನೇ ಅಡ್‌ಹಾಕ್ ಟ್ರೆಷರಿ ಬಿಲ್ ಸೃಷ್ಟಿಯಾಗಿ, ರಿಸರ್ವ್ ಬ್ಯಾಂಕ್ ಅದನ್ನು ಕೊಂಡು ಶಿಲ್ಕು ತುಂಬಿಸಬೇಕು ಎಂದು ಆಗ ಒಪ್ಪಂದವಾಯಿತು. ಸರ್ಕಾರದ ಕೊರತೆ ತಾನಾಗಿ ಹೊಸ ನೋಟಾಗುವ ದಾರಿ ಅದು. ಶುರುವಿನಲ್ಲಿ ತಾತ್ಕಾಲಿಕ ಅನುಕೂಲವಾಗಿದ್ದದ್ದು ದಶಕಗಳ ಕಾಲ ಬೇರುಬಿಟ್ಟಿತು. 1956ರ ಅಕ್ಟೋಬರಿನಲ್ಲಿ ಇನ್ನೊಂದು ಬದಲಾವಣೆ: ಚಲಾವಣೆಯ ನೋಟುಗಳಿಗೆ ತಕ್ಕ ಪ್ರಮಾಣದಲ್ಲಿ ಚಿನ್ನ ಮತ್ತು ವಿದೇಶಿ ಆಸ್ತಿ ಇಡಬೇಕೆಂಬ ನಿಯಮ ಹೋಗಿ, ರೂ. 115 ಕೋಟಿಯ ಚಿನ್ನ, ರೂ. 400 ಕೋಟಿಯ ವಿದೇಶಿ ಭದ್ರತೆಗಳಿದ್ದರೆ ಸಾಕು ಎಂದಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ದೊಡ್ಡ ಖರ್ಚಿಗೆ ದಾರಿ ಸುಗಮವಾಯಿತು. ಇವೆರಡರ ಮುಂದೆ ಮುದ್ರಾಂಕ ಶುಲ್ಕ ಯಾವ ಲೆಕ್ಕ? ಹೆಬ್ಬಾಗಿಲ ಬೀಗದ ಕೈ ಕೊಟ್ಟಾಗ ಇಲ್ಲದ ರಾಜೀನಾಮೆ, ಕಿಟಕಿಯ ಅಗುಳಿಯ ವಿಷಯಕ್ಕೆ ಬಂತು.

ಇದು ದೂಷಣೆಯಲ್ಲ. ರಾಮರಾವ್ ಯೋಜನೆಯನ್ನು ನಂಬಿ ಅದಕ್ಕಾಗಿ ದುಡಿದ ಗವರ್ನರ್ ಎಂಬುದಕ್ಕೆ ಇದು ಸಾಕ್ಷಿ. ಅವರ ನಿಜವಾದ ಗಳಿಕೆ ಇರುವುದೂ ಅಲ್ಲೇ. 1951ರಲ್ಲಿ ಎ.ಡಿ. ಗೋರವಾಲಾ ಅಧ್ಯಕ್ಷತೆಯಲ್ಲಿ ಬ್ಯಾಂಕು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಗೆ ಇಳಿಯಿತು. 75 ಜಿಲ್ಲೆ, 600 ಹಳ್ಳಿ. ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ 3.1, ವಾಣಿಜ್ಯ ಬ್ಯಾಂಕುಗಳದು ಶೇ 0.9. ಸುಮಾರು ಶೇ 70ರಷ್ಟು ಲೇವಾದೇವಿಯವರದೇ. ಕೇಂದ್ರ ಬ್ಯಾಂಕೊಂದು ಹಳ್ಳಿಯ ಜಗಲಿಗೆ ಹೋಗಿ ಸಾಲದ ಲೆಕ್ಕ ಕೇಳಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಸಮೀಕ್ಷೆಯ ಶಿಫಾರಸಿನಿಂದ ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಯಿತು, ಐದು ವರ್ಷದಲ್ಲಿ 400 ಹೊಸ ಶಾಖೆ ತೆರೆಯುವ ಹೊಣೆ ಅದರ ಹೆಗಲೇರಿತು. ಏಳೂವರೆ ವರ್ಷ, ಇಂದಿಗೂ ಬೇರಾವ ಗವರ್ನರಿಗೂ ಸಿಗದಷ್ಟು ದೀರ್ಘ ಅವಧಿ, ಇಂಥ ಕೆಲಸಗಳಲ್ಲಿ ಕಳೆಯಿತು. ಕರಾವಳಿಯ ಬ್ಯಾಂಕುಗಳ ಬಗ್ಗೆ ಅಷ್ಟು ಹೆಮ್ಮೆಪಡುವ ನಾವು ಈ ಸಮೀಕ್ಷೆಯನ್ನು ಮರೆತು ರಾಜೀನಾಮೆಯನ್ನು ನೆನಪಿಟ್ಟುಕೊಂಡಿದ್ದೇವೆ.

ಅಧಿಕಾರಿ ಹಟ ಹಿಡಿದರೆ ಒಳ್ಳೆಯದು, ಸಚಿವ ಹಟ ಹಿಡಿದರೆ ಕೆಟ್ಟದ್ದು ಎಂಬ, ಆ ರಾಜೀನಾಮೆಯ ಕಥೆಯ ಹಿಂದಿರುವ ನಂಬಿಕೆಗೆ ಗಡಿಯಾಚೆ ಬೇರೆಯೇ ಉತ್ತರವಿದೆ. ಪಾಕಿಸ್ತಾನದಲ್ಲಿ ಬ್ರಿಟಿಷರ ಲೆಕ್ಕಪತ್ರ ಸೇವೆಯಲ್ಲಿ ಪಳಗಿದವರೇ ಹಣಕಾಸು ಕಟ್ಟಿದರು. ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನದ ಮೊದಲ ಗವರ್ನರ್ ಜಾಹಿದ್ ಹುಸೇನ್ ಆಮೇಲೆ ಯೋಜನಾ ಮಂಡಳಿಗೆ ಹೋಗಿ ತಮ್ಮ ಕೆಲಸ ಮಾಡಿದರು. ಆದರೆ ಮೊದಲ ಹಣಕಾಸು ಸಚಿವ ಗುಲಾಂ ಮೊಹಮ್ಮದ್ ಗವರ್ನರ್ ಜನರಲ್ ಆಗಿ 1953ರಲ್ಲಿ ಪ್ರಧಾನಿಯನ್ನು ವಜಾ ಮಾಡಿದರು, 1954ರಲ್ಲಿ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಎಪ್ಪತ್ತರ ದಶಕದಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಗುಲಾಂ ಇಶಾಕ್ ಖಾನ್ ಮುಂದೆ ರಾಷ್ಟ್ರಪತಿಯಾಗಿ 1990ರಲ್ಲಿ ಬೇನಜೀರ್ ಭುಟ್ಟೊ ಅವರನ್ನು, 1993ರಲ್ಲಿ ನವಾಜ್ ಷರೀಫ್ ಅವರನ್ನು ಮನೆಗೆ ಕಳಿಸಿದರು. ನಮ್ಮಲ್ಲಿ ಮನೆಗೆ ಹೋದವರು ಗವರ್ನರ್. ಒರಟು ಸಚಿವರೂ ಉಳಿಯಲಿಲ್ಲ: ಜೀವ ವಿಮಾ ನಿಗಮದ ಹೂಡಿಕೆಯ ಮುಂದ್ರಾ ಹಗರಣದಲ್ಲಿ ಸಂಸತ್ತೂ ಛಾಗ್ಲಾ ಆಯೋಗವೂ ಪ್ರಶ್ನಿಸಿದ ಮೇಲೆ 1958ರ ಫೆಬ್ರುವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಅಡ್‌ಹಾಕ್ ಬಿಲ್ಲುಗಳ ಏರ್ಪಾಡು ಮಾತ್ರ ಇವರೆಲ್ಲರನ್ನೂ ದಾಟಿ ಬದುಕಿತು. ಅದನ್ನು ನಿಲ್ಲಿಸಲು 1994ರ ಸೆಪ್ಟೆಂಬರಿನಲ್ಲಿ ಸರ್ಕಾರವೂ ಬ್ಯಾಂಕೂ ಕೂತು ಸಹಿ ಹಾಕಿದವು. ಆಗ ಸಿ. ರಂಗರಾಜನ್ ಗವರ್ನರ್, ಮನಮೋಹನ್ ಸಿಂಗ್ ಹಣಕಾಸು ಸಚಿವ. 1997ರ ಏಪ್ರಿಲ್‌ನಿಂದ ಅದು ಪೂರ್ತಿ ನಿಂತಿತು. ಅದಕ್ಕಾಗಿ ಯಾರೂ ರಾಜೀನಾಮೆ ಕೊಡಬೇಕಾಗಲಿಲ್ಲ.