ಒಳಗಿವಿಯ ಮೂಳೆಪುಡಿ

ಮಳೆಗಾಲದ ಡೊಂಬಿವಲಿಯಲ್ಲಿ ಗೋಡೆ ಬೆವರುತ್ತದೆ, ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಡಿಎನ್‌ಎಗೂ ಸೆಕೆ, ತೇವಗಳೇ ಶತ್ರು. ಸೈಬೀರಿಯಾದ ಹಿಮದಲ್ಲಿ ಹತ್ತಾರು ಸಾವಿರ ವರ್ಷ ಬಾಳಿದ್ದು ನಮ್ಮ ನೆಲದಲ್ಲಿ ಬೇಗ ಚೂರುಚೂರಾಗುತ್ತದೆ. ಹಾಗಾಗಿ ಸಿಂಧೂ ನಾಗರಿಕತೆಯ ನೆಲೆಯಾದ ಹರಿಯಾಣದ ರಾಖಿಗಢಿಯಲ್ಲಿ ನಡೆದ ಡಿಎನ್‌ಎ ಕೆಲಸದ ಬಗ್ಗೆ ನನಗೆ ವಿಶೇಷ ಗೌರವ. ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂದೆಯವರ ತಂಡ ಅಗೆದು ತೆಗೆದ ಅಸ್ಥಿಗಳಲ್ಲಿ 60ಕ್ಕೂ ಹೆಚ್ಚು ಮಾದರಿ ಜಾಲಾಡಿದ ಮೇಲೆ ಕೈಗೆ ಸಿಕ್ಕಿದ್ದು ಒಬ್ಬಳೇ ಹೆಂಗಸು, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವಳು.

ಒಳಗಿವಿಯನ್ನು ಸುತ್ತುವರಿದ ಮೂಳೆ ದೇಹದ ಮೂಳೆಗಳಲ್ಲೇ ಅತಿ ದಟ್ಟ. ಡಿಎನ್‌ಎಗಾಗಿ ಅದನ್ನೇ ಕೊರೆದು ಪುಡಿ ಮಾಡುತ್ತಾರೆ. ಕೊರೆಯುವವರು ಮೈಯೆಲ್ಲ ಮುಚ್ಚಿಕೊಳ್ಳಬೇಕು. ಒಂದು ಸೀನು ಸಾಕು, ಅಜ್ಜಿಯ ಬದಲು ವಿಜ್ಞಾನಿಯದೇ ಜಾತಕ ಬಂದೀತು! ಅಸಲಿ ಹಳೆಯ ಡಿಎನ್‌ಎ ಗುರುತಾಗುವುದು ಅದರ ಸವೆತದಿಂದ: ತುಂಡುಗಳ ತುದಿಯಲ್ಲಿ ‘ಸಿ’ ಅಕ್ಷರ ‘ಟಿ’ ಎಂದು ಓದಿಸಿಕೊಳ್ಳುತ್ತದೆ. ಕೆಟ್ಟದ್ದನ್ನೇ ಸಾಕ್ಷಿಗೆ ಕರೆಯುವ ಈ ಜಾಣ್ಮೆ ನನಗೆ ಬಲು ಇಷ್ಟ.

2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಯುರೇಷ್ಯಾದ ಹುಲ್ಲುಗಾವಲಿನ ಪಶುಪಾಲಕರ ವಂಶದ ಅಂಶ ರಾಖಿಗಢಿಯ ಆ ಹೆಂಗಸಿನಲ್ಲಿ ಕಾಣಲಿಲ್ಲ. ಒಬ್ಬಳನ್ನು ನೋಡಿ ಇಡೀ ನಾಗರಿಕತೆಯ ಮಾತಾಡಬಹುದೇ? ಪ್ರಶ್ನೆ ಸರಿಯೇ. ಆದರೆ ಇರಾನಿನ ಶಹರ್-ಇ-ಸೋಖ್ತಾ, ತುರ್ಕ್‌ಮೆನಿಸ್ತಾನದ ಗೋನೂರ್‌ಗಳ ಗೋರಿಗಳಲ್ಲಿ ಸಿಕ್ಕ 11 ಮಂದಿಯದೂ ಅವಳಂಥದೇ ವಂಶದ ಬೆರಕೆ. ಸಿಂಧೂ ಕಡೆಯಿಂದ ಹೋದವರೇ ಇರಬೇಕು.